ಹದಿನಾರು ಸಾಲಿನ ಗೋಡೆ

ಶಾಲೆಯ ಅನುದಾನದಲ್ಲಿ ಉಳಿದದ್ದು ಎರಡು ಲೀಟರ್ ಹಳದಿ,
ಅರ್ಧ ಡಬ್ಬಿ ಹಸಿರು, ಜೂನ್ ತಿಂಗಳ ಒಂದು ವಾರ.
ಇಂಡಿಯಲ್ಲಿ ಕಬ್ಬಿನ ಟ್ರಾಲಿಗಳಿಗೆ ಬಣ್ಣ ಹೊಡೆಯುವ
ಲಾಡ್ಲೇಸಾಬ ನದಾಫನನ್ನು ಕರೆಸಿದೆ.
ಪುಸ್ತಕದ ಚಿತ್ರ ತೋರಿಸಿದೆ: ಮರ,
ಬುಡದಲ್ಲಿ ಗುಂಗುರು ಕೂದಲಿನ ಸಾಹೇಬ, ಸೇಬು.
ಚಷ್ಮಾ ಏರಿಸಿದ, ಇಳಿಸಿದ.
"ಸೇಬು ನಮ್ಮೂರಾಗ ಕೈಗಾಡಿ ಮ್ಯಾಲಿಂದ ಬೀಳತದ್ರಿ ಅಕ್ಕೋರ,
ಗಿಡದಿಂದ ಬೀಳೂದು ನಿಂಬಿ."

ಸಂಜೆಗೆ ಗೋಡೆಯ ಮೇಲೆ ಐದು ನಿಂಬೆಹಣ್ಣು,
ಒಂದರ ಕೆಳಗೊಂದು,
ನಡುವೆ ನಾಲ್ಕು ನಾಲ್ಕು ಇಟ್ಟಿಗೆಯ ಸಾಲು ಬಿಟ್ಟು.
"ತಪ್ಪಾತು" ಅಂದೆ.
"ಚಂದ ಆಗ್ಯಾವಲ್ರಿ?"
"ಚಂದ ಆಗ್ಯಾವ. ಆದ್ರ ಬೀಳವಲ್ವು. ಜೋತಾಡಾಕತ್ತಾವ."

ಎಷ್ಟು ಸುಣ್ಣ ಬಳಿದರೂ ಇಟ್ಟಿಗೆಯ ಗೆರೆ ಅಡಗದ ಗೋಡೆ ಅದು.
ಬೆರಳಿಟ್ಟು ಎಣಿಸಿದೆ:
ಮೊದಲ ಚಿಟಿಕೆಗೆ ಒಂದು ಸಾಲು,
ಎರಡನೆಯದಕ್ಕೆ ಮೂರು,
ಆಮೇಲೆ ಐದು, ಆಮೇಲೆ ಏಳು.
ಚಿಟಿಕೆ ಅಷ್ಟೇ, ಹೆಜ್ಜೆ ಮಾತ್ರ ಬೆಳೆಯುತ್ತದೆ.
"ನಿಂಬಿಗಿ ಏನು ಅಷ್ಟು ಅವಸರ?" ಅಂದ.
ಭೂಮಿ ಎಳೆಯುತ್ತದಲ್ಲ, ಅಂದೆ.
"ಎಳೀತದ, ಖರೆ. ಒಂದ ಸವನ ಎಳೀತದೋ
ಬರಬರತಾ ಜೋರು ಮಾಡತದೋ?"
ಹನ್ನೊಂದು ವರ್ಷದಲ್ಲಿ ಯಾವ ಮಗುವೂ
ನನ್ನನ್ನು ಇದನ್ನು ಕೇಳಿರಲಿಲ್ಲ.
"ಒಂದ ಸವನ" ಅಂದೆ. "ಓಡೂ ಟ್ರಾಲಿ ಹಿಂದ ನೀ ಓಡಿಕೋತ
ಅಷ್ಟ ಜೋರಲೆ ನೂಕತನ ಇದ್ರ?"
ಬಹಳ ಹೊತ್ತು ಸುಮ್ಮನಿದ್ದ.
ಸೀಮೆಎಣ್ಣೆಯ ಅರಿವೆ ತೆಗೆದುಕೊಂಡು
ಎರಡು ನಿಂಬೆ ಒರೆಸಿದ, ಎರಡು ಹೊಸದಾಗಿ ಬರೆದ.
ಮೇಲಿನವೆರಡು ಈಗ ಒಂದಕ್ಕೊಂದು ಒತ್ತಿಕೊಂಡಿದ್ದವು
ಸಾಲಿಗೆ ಹೊರಡಲು ಮನಸ್ಸಿಲ್ಲದ ಅಣ್ಣತಮ್ಮರಂತೆ.
ಕೆಳಗಿನದರಿಂದ ಹಳದಿಯ ಒಂದು ಎಳೆ ಸೋರಿತು.
ಒರೆಸಲು ಹೋದವನು ಕೈ ಹಿಂದೆಗೆದ:
"ಇರ್ಲಿ ಬಿಡ್ರಿ. ಇದು ಖರೇನ ಬಿತ್ತು."

ಮರುದಿನ ನನಗಿಂತ ಮುಂಚೆ ಬಂದು ಕೂತಿದ್ದ.
ಮೇಲಿಂದ ಎಣಿಸಿ ಸೀಮೆಸುಣ್ಣದಲ್ಲಿ ಬರೆದಿದ್ದ:
ಒಂದು, ನಾಲ್ಕು, ಒಂಬತ್ತು, ಹದಿನಾರು.
"ಈ ಲೆಕ್ಕ ನನ್ನ ಗನ್ನಿನ್ಯಾಗೂ ಅದ.
ಒಂದು ಮೊಳ ದೂರ ಹಿಡಿದ್ರ ಒಂದು ಅಂಗೈ ತುಂಬತದ,
ಎರಡು ಮೊಳಕ್ಕ ನಾಕು ಅಂಗೈ, ಮೂರಕ್ಕ ಒಂಬತ್ತು.
ಬಣ್ಣ ಅಷ್ಟ ಇರತದ್ರಿ, ಬಡವ ಆಗತದ.
ಅದಕ್ಕ ನಮ್ಮ ಹುಡುಗ್ರಿಗಿ ಬೈತೀನಿ,
ದೂರ ನಿಂತು ನನ್ನ ದಿವಾಳಿ ತಗೀಬ್ಯಾಡ್ರಲೇ ಅಂತ."
ದೀಪದ ಬೆಳಕಿಗೂ ಇದೇ, ಅಂದೆ.
ಸೂರ್ಯ ಭೂಮಿಯನ್ನು ಹಿಡಿದಿರುವುದಕ್ಕೂ ಇದೇ.
"ಹಂಗಾರ ಅವಗೂ ಬಣ್ಣದ ರೊಕ್ಕ ಗೊತ್ತಿರಬೇಕು."

ಗೇಟಿನ ಬಲಕ್ಕೆ ಹಸಿರು ಅಂಗೈಗಳು ಬಂದವು:
ಒಂದು ಗಾಢ, ನಾಲ್ಕು ತೆಳು,
ಒಂಬತ್ತು ಇದ್ದೂ ಇಲ್ಲದಂತೆ.
ಸೂತ್ರ ಬರೆಯಿಸಲಿಲ್ಲ.
ಮಕ್ಕಳು ತಮ್ಮ ಕೈ ಇಟ್ಟು ಇಟ್ಟು
ಚಳಿಗಾಲದ ಹೊತ್ತಿಗೆ ಆ ಒಂಬತ್ತನ್ನು ಪೂರ್ತಿ ಅಳಿಸಿದ್ದರು.

ಮಾರ್ಚಿನಲ್ಲಿ ನಮ್ಮ ಶಾಲೆ ಪರೀಕ್ಷಾ ಕೇಂದ್ರವಾಯಿತು.
ಬಂದ ಸಾಹೇಬರು ಗೋಡೆ ನೋಡಿ, ಕಿಟಕಿ ನೋಡಿ,
"ಇದು ನಕಲಿಗೆ ಅನುಕೂಲ" ಎಂದರು.
ಹಳೆಯ ಪೇಪರು, ಮೈದಾ ಅಂಟು.
ಹಚ್ಚಲು ಲಾಡ್ಲೇಸಾಬನೇ ಬಂದ.
"ಕಾಗದಾ ಹಚ್ಚಿದ್ರ ಬೀಳೂದು ನಿಂದರತದೇನ್ರಿ?"
ಅವನ ಮಾತು ಸಾಹೇಬರಿಗೆ ಕೇಳಿಸಲಿಲ್ಲ.

ವಿಜ್ಞಾನದ ದಿನ, ನನ್ನದೇ ವಿಷಯ,
ನನ್ನನ್ನು ಗೇಟಿನಾಚೆ ನಿಲ್ಲಿಸಿದ್ದರು.
ಕಂಡದ್ದು ಒಂದು ಕಿಟಕಿಯಷ್ಟು:
ಗುರಬಾಯಿ ಪೆನ್ನು ಕಚ್ಚಿಕೊಂಡು ಕೂತಿದ್ದಾಳೆ,
ಗೋಡೆಯ ಕಡೆ ತಿರುಗಿಯೂ ನೋಡದೆ.
ಎಡಗೈಯ ತೋರುಬೆರಳು ಸರಳಿನ ಮೇಲೆ ಇಳಿಯುತ್ತಿದೆ.
ಚೂರು ಇಳಿದು ನಿಂತಿತು.
ಅದರ ಮೂರರಷ್ಟು, ನಿಂತಿತು.
ಐದರಷ್ಟು.
ಏಳಕ್ಕೆ ಸರಳು ಸಾಲಲಿಲ್ಲ.
ಬೆರಳು ಕಟ್ಟೆಯ ಕಲ್ಲು ಮುಟ್ಟಿ, ಅಂಚು ದಾಟಿ,
ಇನ್ನೂ ಕೆಳಗೆ ಹೋಯಿತು.